ಎಡಗಡೆಯ ಮೊದಲ ಸೀಟು

ಕಿನ್ನರ
6 ನವೆಂಬರ್ 2023

ಅಕ್ಕಾ,

ಕಾಗದ ಕಂಡು ಹೆದರಬೇಡ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ವೀಣಾ ಚೆನ್ನಾಗಿದ್ದಾಳೆ. ನಂದಿನಿ ಕಾಲೇಜು, ಸ್ನೇಹಿತೆಯರು ಎಂದು ತನ್ನ ಲೋಕದಲ್ಲಿ ಇದ್ದಾಳೆ. ಫೋನಿನಲ್ಲಿ ನಿನಗೆ ಏನು ಹೇಳಬೇಕಾದರೂ ಕೂಗಬೇಕು, ಇದು ಕೂಗಿ ಹೇಳುವ ವಿಷಯವಲ್ಲ. ಮೆಸೇಜು ಕಳಿಸಿದರೆ ನಿನಗಿಂತ ಮೊದಲು ನಿನ್ನ ಮಗ ಯೋಗೇಶ ಓದುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಮತ್ತೆ ಬಂದಿದೆ.

ಆಗಸ್ಟಿನಲ್ಲಿ ಒಂದು ದಿನ ಗಡ್ಡ ಹೆರೆಯುತ್ತ ಕನ್ನಡಿಯ ಮುಂದೆ ನಿಂತಿದ್ದೆ. ಬಾಯಿಗೆ ತುಕ್ಕು ನೆಕ್ಕಿದಂಥ ರುಚಿ ಬಂತು. ಆಮೇಲೆ ನೋಡಿದರೆ ಮುಖದ ಸೋಪು ಒಣಗಿ ಹೋಗಿದೆ, ಬ್ಲೇಡು ಕೆಳಗೆ ಬಿದ್ದಿದೆ. ನಡುವಿನ ಹೊತ್ತು ಎಲ್ಲಿ ಹೋಯಿತೋ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಬಾವಿಕಟ್ಟೆಯ ಹತ್ತಿರ ಇನ್ನೊಮ್ಮೆ. ಬೀಳಲಿಲ್ಲ. ನಿಂತಲ್ಲೇ ನಿಂತಿದ್ದೆನಂತೆ. 'ಕರದ್ರೂ ಕೇಳ್ಲಿಲ್ಲಾ, ಯಂತಾ ಯೋಚ್ನೆ?' ಎಂದಳು ವೀಣಾ. ನಿದ್ದೆಗೆಟ್ಟಿದ್ದೆ ಎಂದೆ.

ಮಡಗಾಂವಿಗೆ ಹೋಗಿ ಡಾಕ್ಟರಿಗೆ ತೋರಿಸಿದ್ದೇನೆ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಮಾತ್ರೆ. ಬಿ.ಪಿ. ಮಾತ್ರೆ ಎಂದು ಮನೆಯಲ್ಲಿ ನಂಬಿದ್ದಾರೆ. ಹೆದರುವ ಕಾರಣವಿಲ್ಲ, ಮಾತ್ರೆ ತಪ್ಪಿಸಬಾರದು ಎಂದಿದ್ದಾರೆ ಡಾಕ್ಟರು. ಒಂದೂ ತಪ್ಪಿಸಿಲ್ಲ.

ಈ ಭೂಮಿಯ ಮೇಲೆ ಇದನ್ನು ಹೇಳಲು ನನಗೆ ನೀನೊಬ್ಬಳೇ ಇರುವುದು. ವೀಣಾಳಿಗೆ ಹೇಳಬೇಡ. ಉತ್ತರವನ್ನು ಡಿಪೋದ ವಿಳಾಸಕ್ಕೆ ಬರೆ.

ಜಗದೀಶ

*

ಹಿಲ್ಲೂರು
17 ನವೆಂಬರ್ 2023

ಪ್ರೀತಿಯ ತಮ್ಮ ಜಗ್ಗನಿಗೆ,

ನಿನ್ನ ಕಾಗದ ಹಬ್ಬದ ಮರುದಿನ ಬಂತು. ಕೊಟ್ಟಿಗೆಯಲ್ಲಿ ಕುಳಿತು ಓದಿದೆ. ಅಲ್ಲಿಗೆ ಯಾರೂ ಬರುವುದಿಲ್ಲ.

ನನಗೆ ನಮ್ಮ ಹಣಕೋಣದ ಹೊಳೆಯೇ ಕಣ್ಣಿಗೆ ಕಟ್ಟಿತು. ನಿನಗೆ ಒಂಬತ್ತು ವರ್ಷ, ನನಗೆ ಹದಿನೆಂಟು. ನೀರಿಳಿದ ಹೊತ್ತು, ಬೆಳಚಿನ ಚಿಪ್ಪು ಹೆಕ್ಕಲು ಹೋಗಿದ್ದೆವು. ನಿನ್ನ ಬುಟ್ಟಿ ನನ್ನದಕ್ಕಿಂತ ಬೇಗ ತುಂಬುತ್ತಿತ್ತು, ಅದರ ಜಂಬ ನಿನಗೆ. ಇದ್ದಕ್ಕಿದ್ದಂತೆ ನೀನು ಸುಮ್ಮನಾದೆ. ಎಡಗೈ ಅಂಗಿಯ ಗುಂಡಿಯನ್ನು ಕೀಳತೊಡಗಿತು, ಒಂದೇ ಸಮನೆ. ಆಟವಾಡುತ್ತಿದ್ದೀಯ ಎಂದು ನಾನು ನಕ್ಕೆ. ಆಮೇಲೆ ಬಿದ್ದೆ, ಮುಖ ಅಡಿಯಾಗಿ, ಮೊಣಕಾಲುದ್ದದ ನೀರಿನಲ್ಲಿ. ನಾನು ನಕ್ಕದ್ದನ್ನು ಇಂದಿಗೂ ಮರೆತಿಲ್ಲ.

ಮನೆಗೆ ಹೊತ್ತು ತಂದಾಗ ಅವ್ವಿ ಬಾಗಿಲು ಹಾಕಿದಳು. 'ಯಾರ್ ಕೇಳಿದ್ರೂ ಹಾವ್ ಕಂಡು ಹೆದರ್ದ ಅಂತೇ ಹೇಳು. ಬೇರೆ ಮಾತ್ ಬಾಯಿಂದ ಬರೂದ್ ಬೇಡ' ಎಂದಳು. ಮೂವತ್ತು ವರ್ಷ ದಾಟಿತು, ಬೇರೆ ಮಾತು ಬಂದಿಲ್ಲ.

ಈಗ ನೆಟ್ಟಗೆ ಉತ್ತರ ಕೊಡು. ಬಸ್ಸು ಓಡಿಸುವ ಬಗ್ಗೆ ಡಾಕ್ಟರು ಏನು ಹೇಳಿದರು? ಕಾಗದದಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೀಯ.

ನನ್ನ ಕಿವಿಯ ಚಿಂತೆ ಬೇಡ. ಮಿಶಿನ್ ಚೆನ್ನಾಗಿ ನಡೆಯುತ್ತಿದೆ. ಭಾವ ನೆಟ್ಟಗಿದ್ದಾರೆ.

ನಿನ್ನ ಅಕ್ಕ
ಲಲಿತಾ

*

ಕಿನ್ನರ
29 ನವೆಂಬರ್ 2023

ಅಕ್ಕಾ,

ಹದಿನೇಳು ವರ್ಷದಿಂದ ಬಸ್ಸು ಓಡಿಸುತ್ತಿದ್ದೇನೆ. ಅಂಕೋಲಾ-ಕಾರವಾರ ರಸ್ತೆಯ ಯಾವ ಗುಂಡಿ ಎಲ್ಲಿದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಒಂದು ನಾಯಿಯೂ ನನ್ನ ಚಕ್ರಕ್ಕೆ ಸಿಕ್ಕಿಲ್ಲ. ಸ್ಟಿಯರಿಂಗ್ ಮುಂದೆ ಅದು ಎಂದೂ ಬಂದಿಲ್ಲ, ಬರುವುದೂ ಇಲ್ಲ. ಅಲ್ಲಿ ಕುಳಿತರೆ ನನ್ನ ಮೈಯೆಲ್ಲ ಎಚ್ಚರ.

ಎಚ್ಚರ ತಪ್ಪುವುದು ಉಳಿದ ಕಡೆ. ಬಚ್ಚಲಿನ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ. ಹೊಳೆಗೆ ಇಳಿಯುವುದಿಲ್ಲ. ಭಾನುವಾರ ಗಾಳ ಹಾಕಲು ಗೆಳೆಯರು ಕರೆದರೆ ಸೊಂಟನೋವು ಎನ್ನುತ್ತೇನೆ. ಪಕ್ಕದ ಮನೆಯ ಬಾಣಂತಿ ಮೊನ್ನೆ ಕೂಸನ್ನು ನನ್ನ ಕೈಗೆ ಕೊಡಲು ಬಂದಳು, ಕೈ ಒದ್ದೆ ಎಂದು ಹಿಂದೆ ಸರಿದೆ. ಕೈ ಒಣಗಿತ್ತು. ದಿನವಿಡೀ ನಾನು ನನ್ನನ್ನೇ ಕಾಯುತ್ತಿದ್ದೇನೆ ಅಕ್ಕಾ. ಬಾಯಿಗೆ ತುಕ್ಕಿನ ರುಚಿ ಬಂತೇ, ಈಗ ಬಂತೇ ಎಂದು ನಾಲಿಗೆಯನ್ನು ಹಲ್ಲಿಗೆ ಉಜ್ಜಿ ನೋಡುತ್ತಿರುತ್ತೇನೆ. ಕಾಳಿ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಈಜಿದವನು ನಾನೇ ಹೌದೋ ಅಲ್ಲವೋ ಅನ್ನಿಸುತ್ತದೆ.

ಬಸ್ಸಿನಲ್ಲಿ ಮಾತ್ರ ಹಳೆಯ ಜಗದೀಶ ಇದ್ದಾನೆ. ಅಲ್ಲಿಂದಲೂ ಇಳಿ ಎನ್ನಬೇಡ.

ಡಾಕ್ಟರು ಜಾಗ್ರತೆ ಎಂದಿದ್ದಾರೆ, ಅಷ್ಟೇ.

ಜಗದೀಶ

*

ಹಿಲ್ಲೂರು
7 ಡಿಸೆಂಬರ್ 2023

ಜಗ್ಗಾ,

ಜಾಗ್ರತೆ ಎನ್ನುವ ಒಂದು ಮಾತಿಗೆ ಎರಡು ಕಾಗದ ಬೇಕಾಯಿತೇ? ಓಡಿಸಬೇಡ ಎಂದೇ ಡಾಕ್ಟರು ಹೇಳಿರಬೇಕು. ಅಲ್ಲ ಎನ್ನುವುದಾದರೆ ಅವ್ವಿಯ ಆಣೆ ಹಾಕಿ ಬರೆ.

ಒಂದು ವಿಷಯ ನಿನಗೆ ಗೊತ್ತಿಲ್ಲ. 2006ರಲ್ಲಿ ನೀನು ಈ ನೌಕರಿಗೆ ಅರ್ಜಿ ತುಂಬುವಾಗ ಹಿಂದಿನ ಕಾಯಿಲೆ ಏನಾದರೂ ಇದೆಯೇ ಎಂಬ ಪ್ರಶ್ನೆ ಇತ್ತು. ಅವ್ವಿಗೆ ಓದಲು ಬಾರದು. ನನ್ನನ್ನು ಒಳಗೆ ಕರೆದು ಕೇಳಿದಳು. 'ಅದೆಲ್ಲಾ ಸಣ್ಣಿದ್ದಾಗಿನ್ ಕತೆ. ಬರಿಯೂದ್ ಬೇಡ ಅಂತ ಹೇಳು' ಎಂದೆ ನಾನು. ಅವಳು ಹೊರಗೆ ಬಂದು ನಿನಗೆ ಹಾಗೆಯೇ ಹೇಳಿದಳು. ಅವ್ವಿಯ ಮಾತು ಎಂದು ನೀನು 'ಇಲ್ಲ' ಎಂದು ಬರೆದೆ. ಅದು ನನ್ನ ಮಾತು.

ಮಾತ್ರೆ ನಿಲ್ಲಿಸಿ ಏಳು ವರ್ಷವಾಗಿತ್ತು. ವಾಸಿಯಾಯಿತು ಎಂದೇ ನಂಬಿದ್ದೆ. ಆದರೂ ನಿನ್ನನ್ನು ಆ ಸೀಟಿನಲ್ಲಿ ಕೂರಿಸಿದ್ದರಲ್ಲಿ ನನ್ನ ಕೈ ಇದೆ. ಹಾಗಾಗಿ ಇಳಿಸುವುದೂ ನನ್ನ ಕೆಲಸ.

ವೀಣಾಳಿಗೆ ಹೇಳು. ಆಫೀಸಿನಲ್ಲಿ ಹೇಳು. ಬೇರೆ ಕೆಲಸ ಕೊಡುತ್ತಾರೆ, ಕೊಡದಿದ್ದರೆ ನೋಡೋಣ.

ಲಲಿತಾ

*

ಕಾರವಾರ
22 ಡಿಸೆಂಬರ್ 2023

ಅಕ್ಕಾ,

ಇನ್ನು ಕಾಗದ ಬರೆಯಬೇಡ. ನಿನ್ನೆ ನಾನು ರಜೆಯಲ್ಲಿದ್ದೆ. ನಮ್ಮ ಕಂಡಕ್ಟರ್ ಸಂದೀಪ ಡಿಪೋಕ್ಕೆ ಬಂದ ನಿನ್ನ ಕಾಗದವನ್ನು ಒಳ್ಳೆಯದು ಮಾಡುತ್ತೇನೆಂದು ಮನೆಗೇ ತಂದು ವೀಣಾಳ ಕೈಗೆ ಕೊಟ್ಟ. ಅವಳು ಒಡೆಯಲಿಲ್ಲ. 'ಫೋನ್ ಇರುವಾಗ ಅತ್ತಿಗೆ ಕಾಗ್ದ ಯಾಕ್ ಬರೀತ್ರು?' ಎಂದು ಕೇಳಿದಳು. ಹಿಲ್ಲೂರಿನ ಜಾಗದ ವಿಷಯ ಎಂದು ಸುಳ್ಳು ಹೇಳಿದೆ.

ಅರ್ಜಿಯ ಸುದ್ದಿ ಓದಿದೆ. ಹದಿನೇಳು ವರ್ಷ ಅನ್ನ ತಿಂದದ್ದು ನಿನ್ನ ಒಂದು ಮಾತಿನಿಂದ ಎಂದಾಯಿತು. ಅದಕ್ಕೆ ಉಪಕಾರ. ಈಗ ಇನ್ನೊಂದು ಮಾತು ಆಡಿ ಅದನ್ನು ಕಸಿಯಬೇಡ.

ಜಗದೀಶ

*

ಹಿಲ್ಲೂರು
4 ಜನವರಿ 2024

ಜಗ್ಗಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಆಣೆಯನ್ನು ನೀನು ಹಾಕಲಿಲ್ಲ. ನನಗೆ ಉತ್ತರ ಸಿಕ್ಕಿತು.

ಅಡುಗೆ ಮಾಡುವಾಗ, ಹಾಲು ಕರೆಯುವಾಗ ನಿನ್ನ ಬಸ್ಸೇ ಕಾಣುತ್ತದೆ. ಬಿಣಗಾ ಘಟ್ಟದ ತಿರುವು ಕಾಣುತ್ತದೆ. ಅದರಲ್ಲಿ ಕುಳಿತವರು ಯಾರು, ಯಾರ ಮಕ್ಕಳು ಎಂದು ಯೋಚಿಸುತ್ತೇನೆ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ. ಗೊತ್ತಿದ್ದೂ ಇಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದೇನೆ.

ನಾನೇ ಆಫೀಸಿಗೆ ಬರೆಯಬಹುದು. ಕೈ ಬರುತ್ತಿಲ್ಲ. ನೀನೇ ಹೇಳಬೇಕೆಂಬ ಆಸೆ.

ಸೋಮವಾರದಿಂದ ನಿನ್ನ ಬಸ್ಸಿಗೆ ಬರುತ್ತೇನೆ.

ಲಲಿತಾ

*

ಕಾರವಾರ ಬಸ್ ನಿಲ್ದಾಣ
10 ಜನವರಿ 2024

ಅಕ್ಕಾ,

ಇದನ್ನು ಸಂದೀಪನ ಕೈಯಲ್ಲಿ ಕೊಟ್ಟಿದ್ದೇನೆ. ಅವನು ಓದುವುದಿಲ್ಲ.

ಏನು ಮಾಡುತ್ತಿದ್ದೀಯ ನೀನು? ಮೂರು ದಿನವಾಯಿತು. ಅಂಕೋಲೆಯಲ್ಲಿ ಒಂಬತ್ತೂವರೆಗೆ ಹತ್ತುತ್ತೀಯ, ಎಡಗಡೆಯ ಮೊದಲ ಸೀಟಿನಲ್ಲಿ ಕೂರುತ್ತೀಯ, ಕಾರವಾರಕ್ಕೆ ಬಂದು ಇಳಿಯದೆ ಮತ್ತೆ ಅದೇ ಬಸ್ಸಿನಲ್ಲಿ ಅಂಕೋಲೆಗೆ ಹೋಗುತ್ತೀಯ. ಸಂಜೆಯವರೆಗೂ ಅದೇ. ಸಂದೀಪ ನನ್ನನ್ನು ಕೇಳುತ್ತಾನೆ, 'ಅರೇ ದಾದಾ, ನಿಮ್ಮಕ್ಕ ದಿನಾ ಯಂತಾ ಕೆಲ್ಸಕ್ಕೆ ಬತ್ರು?' ಏನು ಹೇಳಲಿ? ಹೆಂಗಸರಿಗೆ ಈಗ ಟಿಕೆಟು ಪುಕ್ಕಟೆ, ಊರು ನೋಡುತ್ತಿದ್ದಾಳೆ ಎಂದು ನಕ್ಕೆ.

ನಿನ್ನೆ ಮೂರು ಸಲ ಕರೆದೆ. ತಿರುಗಿ ನೋಡಲಿಲ್ಲ. ಅಷ್ಟು ಸಿಟ್ಟೇ? ನನ್ನ ಕೈಯನ್ನೇ ನೋಡುತ್ತ ಕೂರುತ್ತೀಯ. ಪೊಲೀಸರು ಕಳ್ಳನನ್ನು ನೋಡಿದ ಹಾಗೆ.

ನಾಳೆ ಬರಬೇಡ.

ಜಗದೀಶ

*

ಅಂಕೋಲಾ
11 ಜನವರಿ 2024

ಜಗ್ಗಾ,

ಸಿಟ್ಟಲ್ಲ. ಕೇಳಲಿಲ್ಲ.

ಮಿಶಿನ್ ಚೆನ್ನಾಗಿದೆ ಎಂದು ಬರೆದದ್ದು ಸುಳ್ಳು. ಒಂದು ವರ್ಷದಿಂದ ಎರಡೂ ಕಿವಿ ಪೂರ್ತಿ ಹೋಗಿದೆ. ಮಿಶಿನ್ ಹಾಕಿದರೆ ಬರೇ ಗೊರಗೊರ. ಡಬ್ಬಿಯಲ್ಲಿಟ್ಟಿದ್ದೇನೆ. ಭಾವನಿಗೂ ಯೋಗೇಶನಿಗೂ ಗೊತ್ತು, ನಿನಗೆ ಹೇಳಬೇಡಿ ಎಂದಿದ್ದೆ. ಫೋನಿನಲ್ಲಿ ನೀನು ಕೂಗುತ್ತಿದ್ದೆಯಲ್ಲ, ಯೋಗೇಶ ಪಕ್ಕದಲ್ಲಿ ನಿಂತು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದ. ನಾನು ಹೂಂ, ಹೌದಾ ಎನ್ನುತ್ತಿದ್ದೆ.

ಮೊದಮೊದಲು ದಿಗಿಲಾಗುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದ್ದು ತಿಳಿಯುತ್ತಿರಲಿಲ್ಲ. ಕರು ಕೂಗಿದ್ದು ಅದರ ಕೊರಳು ಉಬ್ಬಿದಾಗ ಕಾಣುತ್ತಿತ್ತು, ಅಷ್ಟೇ. ಈಗ ಕಣ್ಣೇ ಎಲ್ಲ ಮಾಡುತ್ತದೆ. ಸಂದೀಪನ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತೇನೆ. ಅವ್ವಿಯ ದನಿ ಹೇಗಿತ್ತು ಎಂದು ನೆನೆಸಿಕೊಳ್ಳಲು ಕೂರುತ್ತೇನೆ ಕೆಲವು ದಿನ. ಮಾತು ನೆನಪಿದೆ, ದನಿ ಸಿಗುವುದಿಲ್ಲ.

ನೀನು ಕಳ್ಳನೆಂದು ನೋಡುತ್ತಿಲ್ಲ. ಕೈ ಅಂಗಿಯ ಗುಂಡಿಗೆ ಹೋಗುತ್ತದೋ ಎಂದು ನೋಡುತ್ತಿದ್ದೇನೆ.

ನೀನು ಹೇಳುವವರೆಗೆ ದಿನಾ ಬರುತ್ತೇನೆ. ಬಸ್ಸಿನಲ್ಲಿರುವ ಐವತ್ತು ಜನರನ್ನು ನೀನು ಮರೆಯಬಹುದು. ನನ್ನನ್ನು ಮರೆತು ಓಡಿಸು ನೋಡೋಣ.

ಲಲಿತಾ

*

ಹಿಲ್ಲೂರು
19 ಜನವರಿ 2024

ಜಗ್ಗಾ,

ನಿನ್ನೆ ಅವರ್ಸಾದಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ನಿನಗೆ ಸಂದೀಪ ಒಂದು ಹೇಳುತ್ತಾನೆ, ಉಳಿದವರು ಇನ್ನೊಂದು ಹೇಳುತ್ತಾರೆ. ಮೊದಲಿನಿಂದ ಕಡೆಯವರೆಗೂ ನೋಡಿದವಳು ನಾನೊಬ್ಬಳೇ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಕೂಡಿಸಿದ್ದಿಲ್ಲ, ಬಿಟ್ಟದ್ದೂ ಇಲ್ಲ.

ಬಸ್ಸು ತುಂಬಿತ್ತು. ಅವರ್ಸಾದಲ್ಲಿ ನಿಲ್ಲಿಸಿದೆ. ಮೀನಿನ ಬುಟ್ಟಿಯ ಹೆಂಗಸು ಒಬ್ಬಳು ಇಳಿಯಬೇಕಿತ್ತು. ಬುಟ್ಟಿ ಬಾಗಿಲಿಗೆ ಸಿಕ್ಕಿ ತಡವಾಯಿತು. ನೀನು ಗೇರು ತೆಗೆದು ಕೈ ತೊಡೆಯ ಮೇಲೆ ಇಟ್ಟುಕೊಂಡೆ. ಆ ಕೈ ಮೇಲೆ ಬಂತು. ಎದೆಯ ಗುಂಡಿಯನ್ನು ಹಿಡಿಯಿತು. ಒಮ್ಮೆ, ಎರಡು ಸಲ, ಮೂರು ಸಲ ಎಳೆಯಿತು. ನೀನು ಏನನ್ನೋ ನುಂಗುತ್ತಿದ್ದೆ. ಕಣ್ಣು ಗಾಜಿನಾಚೆ ಎಲ್ಲೋ ಇತ್ತು.

ನಾನು ಎದ್ದು ನಿಂತೆ. ಕಾಲು ನಡೆಯಲಿಲ್ಲ. ಹನ್ನೊಂದು ದಿನ ಇದನ್ನೇ ಕಾಯುತ್ತ ಕುಳಿತವಳಿಗೆ ಆ ಹೊತ್ತಿನಲ್ಲಿ ಕಾಲೇ ಬರಲಿಲ್ಲ. ಸಂದೀಪ ಹಿಂದಿನಿಂದ ಗಂಟೆ ಎಳೆದಿರಬೇಕು, ಹಗ್ಗ ಅಲುಗಿದ್ದು ಕಂಡಿತು. ನೀನು ಕದಲಲಿಲ್ಲ. ಜನ ಬಾಯಿ ಮಾಡುತ್ತಿದ್ದರು. ಅಷ್ಟರಲ್ಲಿ ಬುಟ್ಟಿಯವಳು ಇಳಿದು, ಬುಟ್ಟಿ ತಲೆಗೇರಿಸಿ, ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಲು ಹೊರಟಳು.

ಆಗ ನಿನ್ನ ಕೈ ಗುಂಡಿಯನ್ನು ಬಿಟ್ಟು ಗೇರಿಗೆ ಹೋಯಿತು. ಹದಿನೇಳು ವರ್ಷದ ರೂಢಿ, ಕೈಗೆ ತಾನಾಗಿಯೇ ದಾರಿ ಗೊತ್ತು. ಆದರೆ ಕಣ್ಣು ಇನ್ನೂ ವಾಪಸು ಬಂದಿರಲಿಲ್ಲ ಜಗ್ಗಾ. ಕಣ್ಣಿನಲ್ಲಿ ನೀನು ಇರಲಿಲ್ಲ. ಅವಳು ಗಾಜಿನಿಂದ ಎರಡು ಮಾರು ದೂರದಲ್ಲಿದ್ದಳು.

ನಾನು ನಿನ್ನ ಮಣಿಕಟ್ಟಿನ ಮೇಲೆ ಬಿದ್ದೆ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಎಷ್ಟು ಬಲ ನಿನ್ನ ಕೈಯಲ್ಲಿ! ಸಂದೀಪ ಓಡಿ ಬಂದ. 'ಗಾಡಿ ಬಂದ್ ಮಾಡಾ! ಅಂವಗೆ ಫಿಟ್ಸ್ ಬಂದದೆ! ಸಣ್ಣಿದ್ದಾಗಿಂದ್ಲೂ ಅದೆ ಅಂವಗೆ!' ಎಂದು ಕೂಗಿದೆ. ನನ್ನ ದನಿ ನನಗೆ ಕೇಳುವುದಿಲ್ಲವಲ್ಲ, ಎಷ್ಟು ದೊಡ್ಡದಾಗಿ ಕೂಗಿದೆನೋ. ಇಡೀ ಬಸ್ಸು ಒಂದೇ ಸಲಕ್ಕೆ ನನ್ನ ಕಡೆ ತಿರುಗಿತು. ಹಿಂದಿನ ಸೀಟಿನವರೂ ಎದ್ದು ನಿಂತರು.

ಸಂದೀಪ ಎಂಜಿನ್ ನಿಲ್ಲಿಸಿದ. ಬಸ್ಸಿನ ಮೈಯ ಅದುರು ನಿಂತಿದ್ದು ನನ್ನ ಪಾದಕ್ಕೆ ತಿಳಿಯಿತು. ಬುಟ್ಟಿಯವಳು ರಸ್ತೆಯ ಆಚೆ ಬದಿ ಸೇರಿ ತಿರುಗಿಯೂ ನೋಡದೆ ಹೋದಳು. ಅವಳಿಗೆ ಏನೂ ಗೊತ್ತಿಲ್ಲ.

ಎಲ್ಲ ಸೇರಿ ಮೂರು ನಿಮಿಷ ಇದ್ದಿರಬಹುದು. ಅದು ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದರೆ ಬಿಣಗಾ ಘಟ್ಟ.

ಇಷ್ಟೇ. ಇದು ನಿನ್ನದು, ನಿನಗೆ ತಿಳಿದಿರಬೇಕು ಎಂದು ಬರೆದೆ.

ಲಲಿತಾ

*

ಕಿನ್ನರ
25 ಜನವರಿ 2024

ಅಕ್ಕಾ,

ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಯಾರದೋ ಬೀಗದ ಕೈ ಗೊಂಚಲಿತ್ತು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಯಾರೋ ತುರುಕಿದ್ದರು. ಅದನ್ನು ಯಾರಿಗೆ ವಾಪಸು ಕೊಡುವುದೆಂದು ತಿಳಿಯದೆ ಹಿಡಿದುಕೊಂಡೇ ಕುಳಿತಿದ್ದೆ. ಜನ ಕೆಳಗೆ ನಿಂತು ನನ್ನನ್ನು ನೋಡುತ್ತಿದ್ದರು. ದಿನಾ ನನ್ನ ಬಸ್ಸಿಗೆ ಬರುವವರು. ನನಗೆ ನಮಸ್ಕಾರ ಹೇಳುವವರು. ಒಬ್ಬಳು ಹೆಂಗಸು ಮಗಳನ್ನು ಸೆರಗಿನ ಹಿಂದೆ ಎಳೆದುಕೊಂಡಳು.

ಅಷ್ಟು ಜನರ ಮುಂದೆ ಕೂಗಬೇಕಿತ್ತೇ? 'ತಲೆ ತಿರುಗಿತು' ಎನ್ನಬಹುದಿತ್ತಲ್ಲ?

ಸಂದೀಪ ಒಳ್ಳೆಯವನು. 'ದಾದಾ, ಊಟ ಬಿಟ್ಟಿದ್ದ, ಬಿ.ಪಿ. ಇಳೀತು ಅಂತ ಬರ್‍ಸಿದ್ದೆ. ಅಕ್ಕ ಹೆದರಿ ಏನೋ ಕೂಗ್ತು ಅಂತ ಹೇಳ್ವಾ. ನಾ ಸಾಕ್ಷಿ ಹೇಳ್ತೆ' ಎಂದ. ಆಫೀಸಿನಲ್ಲಿ ಅದನ್ನೇ ನಂಬಿದ್ದಾರೆ. ಒಂದು ವಾರ ರಜೆ ಕೊಟ್ಟಿದ್ದಾರೆ. ಸೋಮವಾರ ಡ್ಯೂಟಿಗೆ ಬಾ ಎಂದಿದ್ದಾರೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. 'ಕಣ್ಣಿನಲ್ಲಿ ನೀನು ಇರಲಿಲ್ಲ' ಎಂದು ಬರೆದಿದ್ದೀಯ. ಆ ಸಾಲು ಓದುವಾಗಲೆಲ್ಲ ಕಾಗದ ಮಡಚಿಡುತ್ತೇನೆ.

ಸೋಮವಾರ ಬರುತ್ತೀಯ?

ಜಗದೀಶ

*

ಹಿಲ್ಲೂರು
27 ಜನವರಿ 2024

ಜಗ್ಗಾ,

ಈ ಚೀಟಿಯನ್ನು ಯೋಗೇಶನ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗೆ ಹೊತ್ತಿಲ್ಲ.

ಬರುವುದಿಲ್ಲ. ಅವತ್ತು ಕಾಲು ನಡೆಯಲಿಲ್ಲ ಎಂದು ಬರೆದೆನಲ್ಲ, ಅದು ನನಗೆ ಬುದ್ಧಿ ಕಲಿಸಿತು. ನಾನು ಪಕ್ಕದಲ್ಲಿದ್ದರೆ ಸಾಕು ಎಂದುಕೊಂಡಿದ್ದೆ. ನಾನು ಕಾವಲು ಕೂತರೆ ನಿನಗೆ ಓಡಿಸುವುದು ಇನ್ನೂ ಸುಲಭ, ಅಲ್ಲವೇ? ಕಾಯಲು ಅಕ್ಕ ಇದ್ದಾಳೆ ಎಂದು.

ನಾನು ಯಾರಿಗೂ ಬರೆಯುವುದಿಲ್ಲ, ಹೇಳುವುದಿಲ್ಲ. ಬುಟ್ಟಿಯವಳನ್ನು ನಿನ್ನ ಕಣ್ಣಿಗೆ ತಂದಿದ್ದೇನೆ. ಇನ್ನು ನೀನುಂಟು, ಅವಳುಂಟು.

ಲಲಿತಾ

*

ಕಿನ್ನರ
6 ಮಾರ್ಚ್ 2024

ಅಕ್ಕಾ,

ಐದು ವಾರ ಸುಮ್ಮನಿದ್ದೆ. ನೀನು ಏನೇನು ಅಂದುಕೊಂಡೆಯೋ.

ಆ ಭಾನುವಾರ ಬೆಳಿಗ್ಗೆ ವೀಣಾ ದೋಸೆ ಹೊಯ್ಯುತ್ತಿದ್ದಳು. ನಂದಿನಿ ಮಲಗಿದ್ದಳು. ನಿನ್ನ ಕಾಗದಗಳನ್ನೆಲ್ಲ ತಂದು ವೀಣಾಳ ಪಕ್ಕದಲ್ಲಿಟ್ಟೆ. ಬಾಯಿಯಲ್ಲಿ ಹೇಳಲು ಆಗಲಿಲ್ಲ. ಒಲೆ ಆರಿಸಿ ನೆಲದ ಮೇಲೆ ಕುಳಿತು ಒಂದೊಂದಾಗಿ ಓದಿದಳು. ಕೊನೆಗೆ, 'ಹದಿನೆಂಟ್ ವರ್ಷ ಆಯ್ತು ಮದ್ವೆಯಾಗಿ. ಅತ್ತಿಗೆಗೆ ಗೊತ್ತದೆ, ಸತ್ತೋದ ಅತ್ತೆಗೆ ಗೊತ್ತಿತ್ತು. ನಾ ಯಾರು ಈ ಮನೇಲಿ?' ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅವಳಿಗೆ ನಿನ್ನ ಮೇಲೂ ಸಿಟ್ಟಿದೆ ಅಕ್ಕಾ, ಮುಚ್ಚಿಡುವುದಿಲ್ಲ. ನಿನ್ನನ್ನು ಮಾತನಾಡಿಸಲು ಅವಳಿಗೆ ಸಮಯ ಬೇಕು. ಆದರೆ ಅವತ್ತಿನಿಂದ ಏಳು ಗಂಟೆಯ ಮಾತ್ರೆಯನ್ನು ಅವಳೇ ನೀರಿನ ಜೊತೆ ತಂದು ಎದುರಿಗೆ ನಿಲ್ಲುತ್ತಾಳೆ. ನುಂಗುವವರೆಗೆ ಹೋಗುವುದಿಲ್ಲ.

ಸೋಮವಾರ ಡಿಪೋಕ್ಕೆ ಹೋದೆ. ಖಾಕಿ ಹಾಕಿಕೊಂಡೇ ಹೋದೆ. ಮ್ಯಾನೇಜರ ಮೇಜಿನ ಮೇಲೆ ಮಡಗಾಂವಿನ ಡಾಕ್ಟರ ಚೀಟಿ ಇಟ್ಟೆ. ವಾಹನ ಓಡಿಸಕೂಡದು ಎಂದು ಸೆಪ್ಟೆಂಬರಿನಲ್ಲೇ ಅದರಲ್ಲಿ ಬರೆದಿತ್ತು. ಅಡಿಯಲ್ಲಿ ಗೆರೆ ಎಳೆದಿತ್ತು. ನಿನಗೆ ಸುಳ್ಳು ಬರೆದಿದ್ದೆ. ಮ್ಯಾನೇಜರು ಎರಡು ಸಲ ಓದಿ, 'ನಾಕ್ ತಿಂಗಳು! ಆ ಹೆಂಗಸ್ ಹೇಳಿದ್ದೇ ಖರೇನಾ ಹಂಗಾದ್ರೆ?' ಎಂದರು. ಹೌದು ಸಾಹೇಬ್ರೇ ಎಂದೆ. ಸಂದೀಪನ ಮೇಲೆ ಕ್ರಮ ಬೇಡ, ಅವನಿಗೆ ಗೊತ್ತಿರಲಿಲ್ಲ ಎಂದೂ ಹೇಳಿದೆ. ಆ ದಿನವೇ ನನ್ನನ್ನು ಓಡಿಸುವ ಕೆಲಸದಿಂದ ತೆಗೆದರು. ಆಮೇಲೆ ತಪಾಸಣೆ, ವಿಚಾರಣೆ, ಸಹಿಗಳು. ಮುಚ್ಚಿಟ್ಟದ್ದಕ್ಕೆ ಎರಡು ವರ್ಷದ ವೇತನ ಬಡ್ತಿ ಕಡಿತ. ಕೆಲಸ ಉಳಿಯಿತು. ಈಗ ಟೈರ್ ವಿಭಾಗದಲ್ಲಿದ್ದೇನೆ. ಬಸ್ಸು ಹೊರಡುವ ಮೊದಲು ಚಕ್ರ ತಟ್ಟಿ ಗಾಳಿ ನೋಡುತ್ತೇನೆ, ಸವೆದ ಟೈರನ್ನು ಬೇರೆ ಇಡುತ್ತೇನೆ. ನಿನ್ನೆ ಒಂದು ಬಸ್ಸನ್ನು ಹೊರಡಲು ಬಿಡಲಿಲ್ಲ. ಡ್ರೈವರ್ ಕೂಗಾಡಿದ. ನಾನು ಟೈರಿನ ಮುಂದೆಯೇ ನಿಂತಿದ್ದೆ.

ಕೆಲವರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಒಬ್ಬ ಚಹದ ಅಂಗಡಿಯಲ್ಲಿ ಬೀಗದ ಕೈ ಗಲಗಲ ಅಲ್ಲಾಡಿಸಿ ನಕ್ಕ. ಎದ್ದು ಬಂದೆ. ಮರುದಿನವೂ ಅದೇ ಅಂಗಡಿಗೆ ಹೋದೆ.

ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ. ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಹೆಸರುಗಳು ಬೇಗ ನೆನಪಿಗೆ ಬರುವುದಿಲ್ಲ. ಫೆಬ್ರವರಿಯಲ್ಲಿ ಒಮ್ಮೆ ಅದು ಬಂತು, ಜಗಲಿಯಲ್ಲಿ. ನಂದಿನಿ ಹತ್ತಿರ ಇದ್ದಳು. ನನ್ನನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಆಮೇಲೆ ಎಲ್ಲವನ್ನೂ ನಿನ್ನ ಹಾಗೆಯೇ ಬರೆದಿಟ್ಟಿದ್ದಾಳೆ. ಡಾಕ್ಟರಿಗೆ ತೋರಿಸಲು ಬೇಕಂತೆ.

ಮೊನ್ನೆ ಟೈರ್ ವಿಭಾಗದ ಕೆಲಸಕ್ಕೇ ಅಂಕೋಲೆಗೆ ಹೋಗಬೇಕಾಯಿತು. ಸಂದೀಪನ ಬಸ್ಸಿನಲ್ಲೇ ಹತ್ತಿದೆ. ಹೊಸ ಡ್ರೈವರ್ ಇದ್ದ. ಎಲ್ಲಿ ಕೂರಬೇಕೆಂದು ತಿಳಿಯದೆ ಹಿಂದೆ ಕಿಟಕಿಯ ಪಕ್ಕ ಕುಳಿತೆ. ಬಿಣಗಾ ಘಟ್ಟ ಹತ್ತುವಾಗ ಅವನು ತಿರುವಿನಲ್ಲಿ ತಡವಾಗಿ ಬ್ರೇಕು ಹಾಕಿದ. ನನ್ನ ಬಲಗಾಲು ನೆಲವನ್ನು ಒತ್ತಿತು. ಇನ್ನೊಂದು ತಿರುವಿನಲ್ಲಿ ಮತ್ತೆ ಒತ್ತಿತು. ಪಕ್ಕದಲ್ಲಿ ಕುಳಿತ ಅಜ್ಜ ನನ್ನ ಕಾಲನ್ನೇ ನೋಡಿದರು. ಕಾಲನ್ನು ಹಿಂದೆಳೆದು, ಒಂದರ ಮೇಲೊಂದು ಹಾಕಿ ಹಿಡಿದುಕೊಂಡು, ಕಿಟಕಿಯ ಹೊರಗೆ ತಿರುಗಿದೆ.

ಅಲ್ಲಿ ಸಮುದ್ರ ಇತ್ತು ಅಕ್ಕಾ. ದಿನಕ್ಕೆ ಆರು ಸಲದಂತೆ ಹದಿನೇಳು ವರ್ಷ ಅದರ ಪಕ್ಕದಲ್ಲೇ ಹೋಗಿಬಂದವನು ನಾನು, ರಸ್ತೆ ಬಿಟ್ಟು ಕಣ್ಣು ತೆಗೆದವನಲ್ಲ. ಅಂಕೋಲೆ ಬರುವವರೆಗೂ ನೋಡಿದೆ.

ನಿನ್ನ ತಮ್ಮ
ಜಗದೀಶ